ಗರಡಿ ಮನೆಯ ತರುಣರಿಗೆ: ಅನ್ನ, ಅಳತೆ, ಧೈರ್ಯ

(ಕೆರೂರಿನಲ್ಲಿ ತಾಲೀಮಿನ ತರುಣರ ಮುಂದೆ ಮಾಡಿದ ಭಾಷಣ)



ರಾಜಕೀಯ ಪಕ್ಷದವರಿಗೂ ಕುಸ್ತಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕೂಲಿ, ಬೋನಸ್ಸು, ರೇಶನ್ನು, ಪೇಟೆಯ ತೇಜಿ-ಮಂದಿ ಇವೇ ನಮ್ಮ ಪತ್ರಿಕೆಯ ವಿಷಯಗಳೆಂದು ತಿಳಿದವರಿದ್ದಾರೆ. ಆದರೆ ದುಡಿಯುವವನ ಹತ್ತಿರ ಇರುವ ಬಂಡವಾಳ ಒಂದೇ. ಅದು ಅವನ ಮೈ. ಮಗ್ಗದ ಮುಂದೆ ಕೂಡ್ರುವವನದೂ ಅದೇ, ಗಿರಣಿಯಲ್ಲಿ ಪಾಳಿ ಮಾಡುವವನದೂ ಅದೇ, ಚೀಲ ಹೊರುವ ಹಮಾಲನದೂ ಅದೇ, ಬೆಳಗಿನಿಂದ ರಾತ್ರಿಯವರೆಗೆ ಕಿರಾಣಿ ಅಂಗಡಿಯಲ್ಲಿ ನಿಲ್ಲುವವನದೂ ಅದೇ. ಆ ಬಂಡವಾಳವನ್ನು ಹೇಗೆ ಬೆಳೆಸಬೇಕು, ಹೇಗೆ ಕಾಯಬೇಕು ಎಂಬುದು ನಮ್ಮ ವಿಷಯವಾಗದಿದ್ದರೆ ಇನ್ನಾವದು ಆದೀತು?

ಮೈಗೆ ಮಣ್ಣು ಹಚ್ಚಿಕೊಂಡು ನೀವು ಕಣಕ್ಕೆ ಇಳಿಯುವದನ್ನು ನೋಡಿ ನಮಗೆ ಸಂತೋಷವಾಗುತ್ತದೆ. ಅದರ ಸಂಗಡ ಕಳವಳವೂ ಇದೆ. ಹೊಸದಾಗಿ ಗರಡಿಗೆ ಬಂದ ಹುಡುಗ ಮೊದಲ ದಿನವೇ ಗೆಳೆಯರ ಪಂಥಕ್ಕೆ ಬಿದ್ದು ಮುನ್ನೂರು ಬೈಠಕು ಹೊಡೆದು ಮೂರು ದಿನ ಮೆಟ್ಟಿಲು ಇಳಿಯಲಾರದೆ ಕೂಡ್ರುತ್ತಾನೆ. ಇನ್ನೊಬ್ಬನು ಅರ್ಧ ತಿಂಗಳ ಪಗಾರ ಕೊಟ್ಟು ಪುಡಿಯ ಡಬ್ಬಿ ತರುತ್ತಾನೆ. ಮನೆಯಲ್ಲಿ ತಂಗಿ-ತಮ್ಮಂದಿರಿಗೆ ಹಾಲಿಲ್ಲ. ಮತ್ತೊಬ್ಬನು ತೂಕ ಇಳಿಸಬೇಕೆಂದು ಎರಡು ದಿನ ನೀರು ಬಿಡುತ್ತಾನೆ. ಇವರೆಲ್ಲರಿಗಿಂತ ದೊಡ್ಡ ನಷ್ಟವೆಂದರೆ, "ಪೈಲವಾನಿಕೆ ಬಾದಾಮಿ-ತುಪ್ಪ ತಿನ್ನುವವರ ಕೆಲಸ, ನಮ್ಮಂಥವರದಲ್ಲ" ಎಂದು ಬಾಗಿಲಿಗೆ ಬಂದು ಹಿಂದಿರುಗುವ ಹುಡುಗನದು. ಈ ಮಾತು ಸುಳ್ಳೆಂದು ತೋರಿಸುವದೇ ನಮ್ಮ ಇಂದಿನ ಉದ್ದೇಶ.

ಪೈಲವಾನನಿಗೆ ಅನ್ನ ಹಾಕಿದವರು ಯಾರು?

ನಮ್ಮ ನಾಡಿನ ಅರಸರಿಗೆ ಮಲ್ಲರೆನಿಸಿಕೊಳ್ಳುವ ಆಸೆ ಬಹಳವಿತ್ತು. ಕ್ರಿ. ಶ. ೬೪೨ರಲ್ಲಿ ಬಾದಾಮಿಯನ್ನು ಹಿಡಿದ ಪಲ್ಲವರ ನರಸಿಂಹವರ್ಮನು ಮಹಾಮಲ್ಲನೆಂದು ಕರೆಯಿಸಿಕೊಂಡ. ಕಲ್ಯಾಣದ ಚಾಲುಕ್ಯರಲ್ಲಂತೂ ಜಗದೇಕಮಲ್ಲ, ಆಹವಮಲ್ಲ, ತ್ರಿಭುವನಮಲ್ಲ ಎಂದು ಮಲ್ಲರ ಸಾಲೇ ಇದೆ. ಭೂಲೋಕಮಲ್ಲನೆಂಬ ಬಿರುದು ಹೊತ್ತ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವಿದೆ. ಅದರಲ್ಲಿ ಮಲ್ಲವಿನೋದವೆಂಬುದೊಂದು ಭಾಗ. ಮಲ್ಲರನ್ನು ವಯಸ್ಸು-ಸಾಮರ್ಥ್ಯಗಳ ಮೇಲೆ ವರ್ಗ ಮಾಡುವದು, ಭಾರ ಎತ್ತುವದು, ನಡೆದಾಟ, ಈಜು, ಕಂಬದ ಮೇಲಿನ ಸಾಧನೆ ಎಲ್ಲವೂ ಅಲ್ಲಿವೆ. ಮಲ್ಲನ ಆಹಾರ ಅರಮನೆಯ ಖರ್ಚಿನಿಂದ ಬರತಕ್ಕದ್ದೆಂಬುದೂ ಅಲ್ಲಿದೆ. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ ಗೊತ್ತಿದ್ದ ಸತ್ಯವೊಂದಿದೆ: ಊಟದ ವ್ಯವಸ್ಥೆಯಿಲ್ಲದೆ ತಾಲೀಮು ಇಲ್ಲ.

ಮುಂದೆ ಕೊಲ್ಲಾಪುರದ ಶಾಹೂ ಮಹಾರಾಜರು ಪೈಲವಾನರನ್ನು ಸಾಕಿದರು. ೧೯೧೨ರಲ್ಲಿ ಅಲ್ಲಿಯ ಖಾಸಬಾಗ ಮೈದಾನ ಸಿದ್ಧವಾಯಿತು. ನಮ್ಮ ಈಚೆಯ ಸಂಸ್ಥಾನಗಳಲ್ಲಿಯೂ ಕುಸ್ತಿಗೆ ಆಸರೆಯಿತ್ತು. ೧೯೪೮ರಲ್ಲಿ ಈ ಸಂಸ್ಥಾನಗಳು ವಿಲೀನವಾದವು. ಆದದ್ದು ಒಳ್ಳೆಯದೇ ಆಯಿತು. ಸಂಸ್ಥಾನಿಕರ ಸಲುವಾಗಿ ಅಳುವವರು ನಾವಲ್ಲ. ಆದರೆ ಅರಮನೆಯ ಅಡಿಗೆಮನೆ ಮುಚ್ಚಿದ ಮೇಲೆ ಪೈಲವಾನನ ಖುರಾಕು ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ ಪ್ರಜಾರಾಜ್ಯವು ಸರಿಯಾದ ಉತ್ತರ ಕೊಡಲಿಲ್ಲ.

ಕರಾಡ ತಾಲೂಕಿನ ಗೋಳೇಶ್ವರವೆಂಬ ಹಳ್ಳಿಯ ಖಾಶಾಬಾ ಜಾಧವರ ಕತೆಯನ್ನು ಕೇಳಿರಿ. ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಒಲಿಂಪಿಕ್ ಪದಕ ತಂದವರು ಅವರು. ಅಲ್ಲಿಗೆ ಹೋಗಲು ಅವರ ಹತ್ತಿರ ಹಣವಿರಲಿಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರರು ತಮ್ಮ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಒದಗಿಸಿದರು. ಉಳಿದದ್ದಕ್ಕೆ ಜನರು ಕೈಯೆತ್ತಿ ಕೊಟ್ಟರು. ದೇಶದ ಮಾನವನ್ನು ಒಬ್ಬ ಮಾಸ್ತರರ ಮನೆ ಹೊತ್ತಿತು. ಈ ಜಾಧವರ ಇನ್ನೊಂದು ಮಾತನ್ನು ಮುಂದೆ ಹೇಳಲಿದ್ದೇವೆ. ಅದು ವಿಶ್ರಾಂತಿಗೆ ಸಂಬಂಧಿಸಿದ್ದು.

ಖುರಾಕಿನ ಲೆಕ್ಕ

ಈಗ ಊಟದ ವಿಚಾರ. ಇಲ್ಲಿ ಅಂಗಡಿಕಾರ ಬಂಧುಗಳೂ ಇರುವದರಿಂದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇವೆ. ಮೈ ಕಟ್ಟಲು ಬೇಕಾದ ಸಾರಕ್ಕೆ ಪ್ರೋಟೀನು ಎನ್ನುತ್ತಾರೆ. ಸಾಮಾನ್ಯ ಮನುಷ್ಯನಿಗೆ ಮೈತೂಕದ ಪ್ರತಿ ಕಿಲೊಗೆ ದಿನಕ್ಕೆ ೦.೮೩ ಗ್ರಾಮು ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಗೊತ್ತುಪಡಿಸಿತು. ಕಠಿಣ ತಾಲೀಮು ಮಾಡುವವನಿಗೆ ೧.೨ರಿಂದ ೨ ಗ್ರಾಮಿನವರೆಗೆ ಬೇಕೆಂದು ವ್ಯಾಯಾಮ ಶಾಸ್ತ್ರಜ್ಞರ ಮತ. ನಡುವಿನದನ್ನು ಹಿಡಿಯೋಣ. ೬೦ ಕಿಲೊ ತೂಕದ ತರುಣನಿಗೆ ಒಂದೂವರೆಯಂತೆ ದಿನಕ್ಕೆ ೯೦ ಗ್ರಾಮು.

ಇದನ್ನು ಎಲ್ಲಿಂದ ತರುವದು? ೩೦೦ ಗ್ರಾಮು ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು ೩೦ ಗ್ರಾಮು ಇದೆ. ೧೦೦ ಗ್ರಾಮು ಹೆಸರುಕಾಳನ್ನು ನೆನೆಯಿಟ್ಟು ಮೊಳಕೆ ಬರಿಸಿದರೆ ಸುಮಾರು ೨೩. ಅರ್ಧ ಲೀಟರು ಹಾಲು ಅಥವಾ ಅದರ ಮೊಸರಿನಲ್ಲಿ ಸುಮಾರು ೧೬. ಐವತ್ತು ಗ್ರಾಮು ಶೇಂಗಾದಲ್ಲಿ ೧೨. ಐವತ್ತು ಗ್ರಾಮು ತೊಗರಿ ಬೇಳೆಯಲ್ಲಿ ೧೧. ಕೂಡಿಸಿ ನೋಡಿರಿ: ೯೨ ಗ್ರಾಮು. ಹಾಲು ಸಿಗದ ದಿನ ಎರಡು ಮೊಟ್ಟೆ ತಿಂದರೆ ೧೨ ಗ್ರಾಮು ಬಂತು. ಇನ್ನೊಂದು ಹಿಡಿ ಕಾಳು ಹೆಚ್ಚು ಮಾಡಿದರೆ ಲೆಕ್ಕ ಸರಿಹೋಯಿತು. ಮಾಂಸ-ಮೀನು ತಿನ್ನುವ ಮನೆಗಳಲ್ಲಿ ಈ ಕೆಲಸ ಇನ್ನೂ ಹಗುರ. ಇದರಲ್ಲಿ ಯಾವ ಪದಾರ್ಥ ನಮ್ಮ ಪೇಟೆಯಲ್ಲಿ ಸಿಗುವದಿಲ್ಲ?

ನಾವು ಬಾದಾಮಿ ತಾಲೂಕಿನವರು. ಆದರೆ ನಮ್ಮ ಹೊಲದಲ್ಲಿ ಬೆಳೆಯುವದು ಬಾದಾಮಿಯಲ್ಲ, ಶೇಂಗಾ. ಪ್ರೋಟೀನಿನ ಲೆಕ್ಕದಲ್ಲಿ ಶೇಂಗಾ ಬಾದಾಮಿಗಿಂತ ಕಡಿಮೆಯದಲ್ಲ. ಬೆಲೆ ಮಾತ್ರ ಅದರ ಒಂದು ಚೂರು. ಬೂಸು ಹಿಡಿದ ಶೇಂಗಾವನ್ನು ಮಾತ್ರ ಮುಟ್ಟಬೇಡಿರಿ, ಅದರಲ್ಲಿ ವಿಷ ಹುಟ್ಟುತ್ತದೆ. ಜೋಳದ ಒಂದು ಕೊರತೆಯನ್ನೂ ತಿಳಿದಿರಬೇಕು. ಲೈಸಿನ್ ಎಂಬ ಅಂಶ ಜೋಳದಲ್ಲಿ ಕಡಿಮೆ. ಬೇಳೆ-ಕಾಳುಗಳಲ್ಲಿ ಅದು ಬೇಕಾದಷ್ಟು. ರೊಟ್ಟಿಯ ಸಂಗಡ ಝುಣಕ, ಮಡಕಿಕಾಳಿನ ಪಲ್ಯ, ಹುರುಳಿ ಕಟ್ಟು ಇಟ್ಟುಕೊಂಡು ಉಣ್ಣುವ ನಮ್ಮ ಅವ್ವಂದಿರ ಪದ್ಧತಿಯು ಶಾಸ್ತ್ರಕ್ಕೆ ಸರಿಯಾದದ್ದು. ಬರೀ ರೊಟ್ಟಿ-ಖಾರ ಉಂಡು ಜೋರು ಮಾಡುವವನ ಮೈ ಕಟ್ಟುವದಿಲ್ಲ.

ಪ್ರೋಟೀನು ಒಂದೇ ಸಾಲದು. ಒಲೆಗೆ ಸೌದೆ ಬೇಕು. ರೊಟ್ಟಿ, ಅನ್ನ, ಬೆಲ್ಲ, ಎಣ್ಣೆ ಇವು ಸೌದೆ. ಸೌದೆ ಸಾಲದಾದಾಗ ಮೈಯು ಪ್ರೋಟೀನನ್ನೇ ಸುಡುತ್ತದೆ. ಆಗ ದುಬಾರಿ ಪುಡಿ ತಿಂದದ್ದೂ ವ್ಯರ್ಥ. ಪುಂಡಿ, ಮೆಂತೆ, ಹಕ್ಕರಕಿ ಮೊದಲಾದ ಸೊಪ್ಪುಗಳ ಮೇಲೆ ಲಿಂಬೆಹಣ್ಣು ಹಿಂಡಿ ತಿನ್ನಿರಿ. ಅದರಿಂದ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹ ಕುಡಿಯುವದರಿಂದ ಅದೇ ಅಂಶ ಕಡಿಮೆ ಹತ್ತುತ್ತದೆ. ಚಹಕ್ಕೆ ಒಂದು ತಾಸು ತಡವಾದರೆ ಯಾರ ಕೆಲಸವೂ ಕೆಡುವದಿಲ್ಲ.

ಯಾವಾಗ ಉಣ್ಣಬೇಕು? ಹೊಟ್ಟೆ ತುಂಬ ಉಂಡರೆ ಕಣಕ್ಕೆ ಇಳಿಯಲು ಎರಡು-ಮೂರು ತಾಸು ಬಿಡಿರಿ. ಪಾಳಿ ಮುಗಿಸಿ ನೇರವಾಗಿ ಬರುವವನು ಒಂದು ಬಾಳೆಹಣ್ಣನ್ನೋ, ಒಂದು ತುಂಡು ಬೆಲ್ಲದ ಸಂಗಡ ನಾಲ್ಕು ಕಾಳು ಶೇಂಗಾವನ್ನೋ ತಿಂದು ಬರಲಿ. ಖಾಲಿ ಹೊಟ್ಟೆಯಿಂದ ಜೋರು ಬೇಡ. ತಾಲೀಮು ಮುಗಿದ ಮೇಲೆ ತಡಮಾಡದೆ ಮೊಳಕೆಕಾಳು, ಹಾಲು ಅಥವಾ ಊಟ. ತಾಲೀಮಿನ ಮೊದಲೂ ಆಮೇಲೂ ತೂಕ ನೋಡಿರಿ. ಒಂದು ಕಿಲೊ ಇಳಿದಿದ್ದರೆ ಅದು ಕೊಬ್ಬಲ್ಲ, ಬೆವರು. ಒಂದೂಕಾಲರಿಂದ ಒಂದೂವರೆ ಲೀಟರು ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳಬೇಕು. ಉಪ್ಪು ಹಾಕಿದ ಮಜ್ಜಿಗೆಗಿಂತ ಅಗ್ಗವಾದ ಪಾನೀಯ ಯಾವ ಕಂಪನಿಯೂ ಮಾಡಿಲ್ಲ.

ಪುಡಿಯ ಡಬ್ಬಿಗಳ ಬಗ್ಗೆ ಎರಡು ಮಾತು. ಹಾಲಿನಿಂದ ತೆಗೆದ ಪ್ರೋಟೀನು ಪುಡಿ ವಿಷವಲ್ಲ. ಆದರೆ ಮಾಯೆಯೂ ಅಲ್ಲ. ಕಾಳು-ಹಾಲುಗಳಲ್ಲಿರುವದೇ ಅದರಲ್ಲಿರುವದು. ವ್ಯಾಪಾರಿ ಮಿತ್ರರಲ್ಲಿ ನಮ್ಮ ವಿನಂತಿ: ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆಯಿಲ್ಲದ ಡಬ್ಬಿಯನ್ನು ನಿಮ್ಮ ಕಪಾಟಿನಲ್ಲಿ ಇಡಬೇಡಿರಿ. "ಒಂದು ತಿಂಗಳಲ್ಲಿ ಮೈ ಬರುತ್ತದೆ" ಎಂದು ಯಾರಾದರೂ ಸೂಜಿ ಚುಚ್ಚಲು ಬಂದರೆ ಅವನನ್ನು ಗರಡಿಯ ಅಂಗಳದಿಂದ ಹೊರಗೆ ಹಾಕಿರಿ. ಆ ಔಷಧಗಳು ಹೃದಯವನ್ನೂ ಯಕೃತ್ತನ್ನೂ ಕೆಡಿಸುತ್ತವೆ, ಸಂತಾನಶಕ್ತಿಯನ್ನೂ ಕುಂದಿಸುತ್ತವೆ. ಮೈಯೇ ಬಂಡವಾಳವಾಗಿರುವವನು ಅದನ್ನು ಜೂಜಿಗೆ ಹಚ್ಚಬಾರದು.

ತೂಕ ಇಳಿಸುವ ಹುಚ್ಚು

ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ೨೦೨೪ರ ಆಗಸ್ಟ್ ೬ರಂದು ವಿನೇಶ ಫೋಗಾಟರು ೫೦ ಕಿಲೊ ವರ್ಗದಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದರು. ಮರುದಿನ ಮುಂಜಾನೆ ತೂಕದಲ್ಲಿ ೧೦೦ ಗ್ರಾಮು ಹೆಚ್ಚಾಗಿದ್ದಕ್ಕೆ ಅವರನ್ನು ಹೊರಗಿಟ್ಟರು. ರಾತ್ರಿಯಿಡೀ ಬೆವರು ಹರಿಸಿದರೂ, ಕೂದಲು ಕತ್ತರಿಸಿದರೂ ಆ ನೂರು ಗ್ರಾಮು ಇಳಿಯಲಿಲ್ಲ. ವೈದ್ಯರೂ ಆಹಾರ ತಜ್ಞರೂ ಸುತ್ತಲಿದ್ದ ಕಡೆಗೇ ಹೀಗಾಗುವದಾದರೆ, ಯಾರ ಮಾತನ್ನೂ ಕೇಳದೆ ನೀರು ಬಿಟ್ಟು ಬಿಸಿಲಲ್ಲಿ ಓಡುವ ನಮ್ಮ ಹುಡುಗನ ಗತಿಯೇನು? ೧೯೯೭ರಲ್ಲಿ ಅಮೇರಿಕೆಯ ಮೂವರು ಕಾಲೇಜು ಪೈಲವಾನರು ಸುಮಾರು ಒಂದು ತಿಂಗಳ ಅವಧಿಯಲ್ಲಿ ಹೀಗೆಯೇ ಬೆವರಿಳಿಸಿ ತೂಕ ಕಡಿಮೆ ಮಾಡಲು ಹೋಗಿ ಪ್ರಾಣ ಬಿಟ್ಟರು. ಆ ಮೇಲೆ ಅಲ್ಲಿಯ ನಿಯಮಗಳನ್ನು ಬದಲಿಸಿದರು.

ನಮ್ಮ ಜಾತ್ರೆಯ ಕಣದಲ್ಲಿ ಜೋಡಿಯನ್ನು ಹೆಚ್ಚಾಗಿ ಕಣ್ಣಳತೆಯಿಂದಲೇ ಕೂಡಿಸುತ್ತಾರೆ; ಅಲ್ಲಿ ತೂಕ ಇಳಿಸುವ ಪ್ರಶ್ನೆಯೇ ಇಲ್ಲ. ಜಿಲ್ಲೆ-ರಾಜ್ಯದ ಸ್ಪರ್ಧೆಗೆ ಹೋಗುವವನು ತನ್ನ ಸಹಜ ತೂಕಕ್ಕೆ ಹತ್ತಿರದ ವರ್ಗವನ್ನು ಮೂರು-ನಾಲ್ಕು ತಿಂಗಳು ಮುಂಚೆಯೇ ಆರಿಸಿಕೊಳ್ಳಲಿ. ಬೆಳೆಯುವ ವಯಸ್ಸಿನ ಹುಡುಗ-ಹುಡುಗಿಯರಿಗಂತೂ ತೂಕ ಇಳಿಸೆಂದು ಯಾವ ಉಸ್ತಾದರೂ ಹೇಳಬಾರದು.

ಮೈಗೆ ಕಿರ್ದಿ ಒಂದೇ

ಎರಡನೆಯದು ಅಳತೆ. ಅಂಗಡಿಕಾರನು ಎರಡು ಕಿರ್ದಿ ಬರೆಯಬಹುದು, ಒಂದು ತನಗೆ, ಒಂದು ತೆರಿಗೆಯವರಿಗೆ. ಮೈಗೆ ಮಾತ್ರ ಕಿರ್ದಿ ಒಂದೇ. ಗಿರಣಿಯಲ್ಲಿ ಎಂಟು ತಾಸು ನಿಂತದ್ದೂ ಅದರಲ್ಲಿಯೇ ಬೀಳುತ್ತದೆ, ಸಂಜೆ ಹೊಡೆದ ಬೈಠಕೂ ಅದರಲ್ಲಿಯೇ ಬೀಳುತ್ತದೆ, ರಾತ್ರಿ ಕಳೆದುಕೊಂಡ ನಿದ್ದೆಯೂ ಅದರಲ್ಲಿಯೇ ಖರ್ಚಾಗುತ್ತದೆ. ಜಮೆಯ ಬದಿಗೆ ಎರಡೇ ಬಾಬುಗಳು: ಊಟ ಮತ್ತು ವಿಶ್ರಾಂತಿ.

"ಹಿಂದಿನವರು ಸಾವಿರ ಬೈಠಕು ಹೊಡೆಯುತ್ತಿದ್ದರು, ನೀವು ಅಳತೆಯ ಮಾತು ಹೇಳುತ್ತೀರಿ" ಎಂದು ಹಿರಿಯರು ಆಕ್ಷೇಪಿಸಬಹುದು. ಹೊಡೆಯುತ್ತಿದ್ದದ್ದು ನಿಜ. ಆದರೆ ಅವರು ಮೊದಲ ದಿನ ಸಾವಿರ ಹೊಡೆಯಲಿಲ್ಲ. ಎಂಟು-ಹತ್ತು ವರ್ಷದ ಹುಡುಗರಾಗಿ ಗರಡಿಗೆ ಬಂದು ಹತ್ತರಿಂದ ಆರಂಭಿಸಿ ಎಷ್ಟೋ ವರ್ಷಗಳಿಗೆ ಸಾವಿರ ಮುಟ್ಟಿದರು. ಅದರ ಮೇಲೆ, ಸಂಸ್ಥಾನದ ಪೈಲವಾನನಿಗೆ ಜೋರು ಮಾಡುವದು, ಉಣ್ಣುವದು, ಮಲಗುವದು ಇಷ್ಟೇ ಉದ್ಯೋಗ. ಅವನ ಲೆಕ್ಕವನ್ನು ತಂದು ರಾತ್ರಿಪಾಳಿ ಮಾಡಿ ಬಂದವನ ಮೇಲೆ ಹೇರುವದು ನ್ಯಾಯವಲ್ಲ.

ಹೊಸಬನಿಗೆ ನಮ್ಮ ಸಲಹೆ ಹೀಗಿದೆ. ಮೊದಲ ಎರಡು ವಾರ ಹದಿನೈದರಂತೆ ಮೂರು ಸಲ ಬೈಠಕು, ಎಂಟು-ಹತ್ತರಂತೆ ಮೂರು ಸಲ ದಂಡ; ನಡುವೆ ಉಸಿರು ತಿರುಗುವವರೆಗೆ ಬಿಡುವು. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುವದು. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಇಳಿಸುವದು. ಸ್ನಾಯುಗಳು ಬೇಗ ಬಲಿಯುತ್ತವೆ. ಅವನ್ನು ಎಲುಬಿಗೆ ಕಟ್ಟುವ ನರದ ಹುರಿಗಳು ನಿಧಾನವಾಗಿ ಬಲಿಯುತ್ತವೆ. ತೊಡೆ ಸಿದ್ಧವಾಯಿತೆಂದು ಮೊಳಕಾಲಿಗೆ ಅವಸರ ಮಾಡಿದರೆ ಮೊಳಕಾಲು ಹೋಗುತ್ತದೆ. ಕುತ್ತಿಗೆಯ ಸಾಧನೆಗಂತೂ ಉಸ್ತಾದರು ಎದುರಿಗಿರಲೇಬೇಕು.

ವಾರದಲ್ಲಿ ಮೂರು ದಿನ ಕಣದ ಜೋರು, ಎರಡು ದಿನ ದಂಡ-ಬೈಠಕು, ಹಗ್ಗ, ಮುದ್ಗರ, ಒಂದು ದಿನ ಮಾತನಾಡುತ್ತ ಓಡಲು ಬರುವಷ್ಟು ಹಗುರವಾದ ಓಟ ಮತ್ತು ಡಾವುಗಳ ಅಭ್ಯಾಸ, ಒಂದು ದಿನ ಪೂರ್ಣ ಬಿಡುವು. ರಾತ್ರಿಪಾಳಿಯ ವಾರದಲ್ಲಿ ಇದನ್ನು ಅರ್ಧ ಮಾಡಿರಿ. ಪಾಳಿ ಇಳಿದವನು ಮೊದಲು ಮಲಗಲಿ, ಸಂಜೆ ಬರಲಿ. ನಿದ್ದೆಗೆಟ್ಟವನ ಕೈ ಜಾರುತ್ತದೆ. ಜಾರಿದ ಕೈ ತನ್ನನ್ನಷ್ಟೇ ಅಲ್ಲ, ಎದುರಾಳಿಯನ್ನೂ ಕೆಡವುತ್ತದೆ. ಚೈತ್ರ-ವೈಶಾಖದ ಬಿಸಿಲಿನಲ್ಲಿ ಹಗಲು ತಾಲೀಮು ಬೇಡ, ನಸುಕಿನಲ್ಲಿ ಮುಗಿಸಿರಿ.

ಕೆಲವು ಸೂಚನೆಗಳನ್ನು ಗುರುತಿಸಲು ಕಲಿಯಿರಿ. ಮುಂಜಾನೆ ಎದ್ದ ಕೂಡಲೆ ನಾಡಿ ಎಣಿಸಿರಿ. ನಾಲ್ಕಾರು ದಿನ ಎಂದಿಗಿಂತ ಹತ್ತರಷ್ಟು ಹೆಚ್ಚು ಬಡಿಯುತ್ತಿದ್ದರೆ, ಹಸಿವು ಸತ್ತು ಸಿಟ್ಟು ಹೆಚ್ಚಾದರೆ, ಮೈ ಬಿಡುವು ಬೇಡುತ್ತಿದೆಯೆಂದು ತಿಳಿಯಿರಿ. ಮಿತಿಮೀರಿದ ತಾಲೀಮಿನ ಮೇಲೆ ಸ್ನಾಯುಗಳು ಬಾತು ಮೂತ್ರವು ಹಾಲಿಲ್ಲದ ಚಹದ ಬಣ್ಣಕ್ಕೆ ಬಂದರೆ ಮನೆಮದ್ದು ಮಾಡುತ್ತ ಕೂಡ್ರಬೇಡಿರಿ; ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗಿರುತ್ತದೆ, ಆ ದಿನವೇ ದವಾಖಾನೆಗೆ ಹೋಗಿರಿ. ಚರ್ಮದ ಮೇಲೆ ಗಜಕರ್ಣ ಎದ್ದವನು ವಾಸಿಯಾಗುವವರೆಗೆ ಕಣಕ್ಕೆ ಇಳಿಯಬಾರದು. ಇಳಿದರೆ ಗರಡಿಗೆಲ್ಲ ಹಂಚಿದಂತೆ.

ಈಗ ಜಾಧವರ ಆ ಮಾತು. ಹೆಲ್ಸಿಂಕಿಯಲ್ಲಿ ಜಪಾನಿನ ಶೋಹಾಚಿ ಇಶಿಯವರೊಡನೆ ದೀರ್ಘ ಕುಸ್ತಿ ಮಾಡಿ ದಣಿದ ಅವರನ್ನು ಕೂಡಲೆ ಸೋವಿಯತ್ ದೇಶದ ರಶೀದ ಮಮ್ಮದ್ಬೆಯೋವರ ಮುಂದೆ ನಿಲ್ಲಿಸಿದರು. ಎರಡು ಕುಸ್ತಿಗಳ ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂದು ನಿಯಮವಿತ್ತು. ಆದರೆ ಆ ನಿಯಮವನ್ನು ಎತ್ತಿ ಹಿಡಿದು ವಾದಿಸಲು ಭಾರತದ ಅಧಿಕಾರಿ ಒಬ್ಬನೂ ಅಲ್ಲಿರಲಿಲ್ಲ. ದಣಿದ ಮೈಯಿಂದ ಜಾಧವರು ಸೋತರು. ಮೇಲಿನ ಪದಕ ಕೈತಪ್ಪಿತು.

ಬಂಧುಗಳೇ, ಈ ಅರ್ಧ ತಾಸು ನಿಮಗೆ ಪರಿಚಯದ್ದಲ್ಲವೇ? ಐದು ತಾಸಿಗಿಂತ ಹೆಚ್ಚು ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ತಾಸು ಬಿಡುವು ಕೊಡತಕ್ಕದ್ದೆಂದು ೧೯೪೮ರ ಕಾರಖಾನೆ ಕಾಯಿದೆ ಬರೆಯಿತು. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಎತ್ತಿ ಹಿಡಿಯುವ ಮನುಷ್ಯ ಅಲ್ಲಿ ನಿಂತಿರಬೇಕು. ಹೆಲ್ಸಿಂಕಿಯಲ್ಲಿ ಅಂಥವನು ಇರಲಿಲ್ಲ. ಎಷ್ಟೋ ಗಿರಣಿಗಳಲ್ಲಿಯೂ ಇರುವದಿಲ್ಲ. ಸಂಘವೆಂದರೆ ಆ ಮನುಷ್ಯನೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೧೯೧೯ರಲ್ಲಿ ಮಾಡಿದ ಮೊಟ್ಟಮೊದಲ ಒಡಂಬಡಿಕೆಯೇ ಎಂಟು ತಾಸಿನ ದುಡಿಮೆಯದು. ಶತಮಾನ ಕಳೆದ ಮೇಲೆ, ೨೦೨೩ರಲ್ಲಿ, ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯದ ವಿಧಾನಮಂಡಲ ಒಪ್ಪಿತು. ಹನ್ನೆರಡು ತಾಸು ದುಡಿದವನಿಗೆ ಗರಡಿಯಿಲ್ಲ, ಪುಸ್ತಕವಿಲ್ಲ, ಮಕ್ಕಳ ಮುಖವೂ ಇಲ್ಲ. ಆದುದರಿಂದ ತಾಲೀಮಿನ ವೇಳೆಯ ಪ್ರಶ್ನೆಯು ಪಾಳಿಯ ಪ್ರಶ್ನೆಯೇ ಆಗಿದೆ.

ಮನಸ್ಸಿನ ತಾಲೀಮು

ಮೂರನೆಯದು ಧೈರ್ಯ. ಹೆದರಿಕೆ ಇಲ್ಲದ ಪೈಲವಾನ ಇಲ್ಲ. ಹಲಿಗೆಯ ಸಪ್ಪಳ ಕೇಳಿ, ಜನ ನೋಡಿ, ಎದೆ ಡವಗುಟ್ಟುವದು ಮೈ ಸಿದ್ಧವಾಗುವ ಲಕ್ಷಣ; ಅದಕ್ಕೆ ನಾಚಬೇಕಾಗಿಲ್ಲ. ಮಾಡಬೇಕಾದದ್ದು ಉಸಿರನ್ನು ಹಿಡಿತಕ್ಕೆ ತರುವದು. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವದನ್ನು ಉದ್ದ ಮಾಡಿರಿ. ನಾಲ್ಕು ಎಣಿಸುವವರೆಗೆ ಎಳೆದು ಆರು ಎಣಿಸುವವರೆಗೆ ಬಿಡಿರಿ. ಹತ್ತು ಸಲಕ್ಕೆ ಎದೆ ಹತೋಟಿಗೆ ಬರುತ್ತದೆ. ಇದನ್ನು ಕಣದಲ್ಲಿ ಮೊದಲ ಸಲ ಮಾಡಿದರೆ ಫಲವಿಲ್ಲ. ಪ್ರತಿದಿನ ಮಲಗುವಾಗ ರೂಢಿ ಮಾಡಿರಿ.

ಎರಡನೆಯ ಅಭ್ಯಾಸ, ಕಣ್ಣು ಮುಚ್ಚಿ ಕುಸ್ತಿ ಮಾಡುವದು. ನಿಮಗೆ ಬರುವ ಎರಡು ಡಾವುಗಳನ್ನು, ಅವನು ಕಾಲು ಹಿಡಿದರೆ ಏನು, ಕುತ್ತಿಗೆಗೆ ಕೈ ಹಾಕಿದರೆ ಏನು ಎಂದು, ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ಮಾಡಿ ನೋಡಿರಿ. ಮಗ್ಗಕ್ಕೆ ಕೂಡ್ರುವ ಮೊದಲೇ ನೇಕಾರನ ತಲೆಯಲ್ಲಿ ಸೀರೆಯ ಸೆರಗು ತಯಾರಿರುತ್ತದೆ, ಇದೂ ಹಾಗೆಯೇ. ಇಪ್ಪತ್ತು ಡಾವು ಅರ್ಧಮರ್ಧ ಬರುವದಕ್ಕಿಂತ ಎರಡು ಪೂರ್ತಿ ಬರುವದು ಮೇಲು.

ಮೂರನೆಯದು, ಕುಸ್ತಿಯ ಒಳಗಿನ ಅಳತೆ. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು. ಅಲ್ಲಿ ಮೊದಲ ಕ್ಷಣದಿಂದ ಚುರುಕು ಬೇಕು. ಮಣ್ಣಿನ ಕಣದ ನಿಕಾಲಿ ಕುಸ್ತಿಯು ಬಹಳ ಹೊತ್ತು ಎಳೆಯಬಹುದು. ಅಲ್ಲಿ ಆರಂಭಕ್ಕೇ ಬಲವನ್ನೆಲ್ಲ ಸುರಿದವನು ಕಡೆಗೆ ಬರಿಗೈಯಾಗುತ್ತಾನೆ. ಯಾವ ಕಣಕ್ಕೆ ಇಳಿಯುತ್ತೀರೆಂಬುದನ್ನು ಮೊದಲೇ ನಿರ್ಧರಿಸಿ ತಾಲೀಮನ್ನೂ ಅದಕ್ಕೆ ತಕ್ಕಂತೆ ಮಾಡಬೇಕು.

ಸೋಲಿನ ವಿಚಾರ. ಬೆನ್ನಿಗೆ ಮಣ್ಣು ಹತ್ತಿದ್ದನ್ನು ತೊಳೆದರೆ ಹೋಗುತ್ತದೆ. ಸೋತ ಮರುದಿನ ಉಸ್ತಾದರ ಮುಂದೆ ಕೂತು ಎಲ್ಲಿ ಕಾಲು ತಪ್ಪಿತು, ಎಲ್ಲಿ ಉಸಿರು ಮುಗಿಯಿತು ಎಂದು ಕೇಳಿ ತಿಳಿಯುವವನು ಮುಂದಿನ ಜಾತ್ರೆಗೆ ಬೇರೆ ಮನುಷ್ಯನಾಗಿ ಬರುತ್ತಾನೆ. ಗೆದ್ದವನಿಗೂ ಒಂದು ಪರೀಕ್ಷೆಯಿದೆ. ಕಲಿತ ಡಾವನ್ನು ಓಣಿಯ ಜಗಳಕ್ಕೆ, ಸಾಲ ವಸೂಲಿಗೆ, ಮುಷ್ಕರ ಮುರಿಯುವ ಮಾಲಕರ ಕೂಲಿಗೆ ಮಾರಿಕೊಂಡವನು ಎಷ್ಟು ಗದೆ ಗೆದ್ದರೂ ಪೈಲವಾನನಲ್ಲ, ಬಾಡಿಗೆಯ ಗೂಂಡಾ. ಪಂಥದ ಹಣಕ್ಕಾಗಿ ಒಳಗೊಳಗೆ ಮಾತಾಡಿಕೊಂಡು ಬೀಳುವವನೂ ಹಾಗೆಯೇ. ಅವನು ತನ್ನ ಉಸ್ತಾದರ ಹೆಸರನ್ನೇ ಮಾರಿದಂತೆ.

ಗರಡಿಯ ಮಣ್ಣಿಗೆ ಇನ್ನೊಂದು ಗುಣವಿದೆ. ಅರಿಸಿನ, ಎಣ್ಣೆ, ಮಜ್ಜಿಗೆ, ಲಿಂಬೆ ಬೆರೆಸಿ ಹದ ಮಾಡಿದ ಆ ಕೆಮ್ಮಣ್ಣು ಮೈಗೆ ಹತ್ತಿದ ಮೇಲೆ ಯಾರು ಯಾವ ಕೇರಿಯವರೆಂದು ಗುರುತು ಸಿಗುವದಿಲ್ಲ. ಉಸ್ತಾದನೆಂಬ ಶಬ್ದ ಪಾರಸಿಯಿಂದ ಬಂದದ್ದು, ಗೋಡೆಯ ಮೇಲೆ ಇರುವವನು ಹನುಮಪ್ಪ. ಇಬ್ಬರಿಗೂ ಇಲ್ಲಿ ಜಗಳವಿಲ್ಲ. ಕಣದೊಳಗೆ ಮುಟ್ಟಿ ಎತ್ತಿ ಒಗೆದವನನ್ನು ಕಣದ ಹೊರಗೆ ಮುಟ್ಟಲಾರೆನೆನ್ನುವದು ಯಾವ ನ್ಯಾಯ? ಯಾವದೇ ಗರಡಿಯ ಬಾಗಿಲಲ್ಲಿ ಇಂದಿಗೂ ಕುಲ ಕೇಳುವವರಿದ್ದರೆ ಅಂಥ ಗರಡಿಯಲ್ಲಿ ಮೈ ಬೆಳೆದೀತು, ಮನುಷ್ಯ ಬೆಳೆಯುವದಿಲ್ಲ.

ಹೆಣ್ಣುಮಕ್ಕಳ ಮಾತನ್ನು ಬಿಟ್ಟು ಮುಗಿಸಲಾಗದು. ೨೦೦೪ರಿಂದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ಇದೆ. ೨೦೧೬ರಲ್ಲಿ ಸಾಕ್ಷಿ ಮಲಿಕರು ಕಂಚು ತಂದರು. ೨೦೨೩ರಲ್ಲಿ ಇದೇ ಪೈಲವಾನ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ವಿರುದ್ಧ ದಿಲ್ಲಿಯ ಜಂತರ ಮಂತರದಲ್ಲಿ ಧರಣಿ ಕೂತರು. ತಮ್ಮ ಕ್ರೀಡೆಯ ಒಡೆಯರಂತಿದ್ದವರ ಎದುರಿಗೆ ಬೀದಿಯಲ್ಲಿ ಕೂಡ್ರುವದಕ್ಕೆ ಬೇಕಾದ ಧೈರ್ಯ ಯಾವ ಕಣದ ಧೈರ್ಯಕ್ಕೂ ಕಡಿಮೆಯದಲ್ಲ. ನಮ್ಮ ಗರಡಿಗಳಿಗೂ ಹುಡುಗಿಯರು ಬರಲಿ. ಅವರಿಗೆ ಬೇರೆ ವೇಳೆ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ದೂರು ಕೇಳುವ ಹಿರಿಯ ಹೆಣ್ಣುಮಗಳು ಇಷ್ಟನ್ನು ಒದಗಿಸುವದು ನಮ್ಮ ಕರ್ತವ್ಯ. ಊಟದ ಲೆಕ್ಕವೂ ಅವರಿಗೆ ಅದೇ. ಅಣ್ಣ ಉಂಡು ಉಳಿದದ್ದನ್ನು ತಂಗಿ ಉಣ್ಣುವ ಮನೆಯಲ್ಲಿ ಪೈಲವಾನಳು ಹುಟ್ಟುವದಿಲ್ಲ.

ಆಗಬೇಕಾದದ್ದೇನು?

ಬರಿಯ ಉಪದೇಶ ಮಾಡಿ ಹೋಗುವವರು ನಾವಲ್ಲ. ಇಲ್ಲಿಯೇ ಮಾಡಬಹುದಾದ ಕೆಲಸಗಳನ್ನು ಹೇಳುತ್ತೇವೆ.

ಗರಡಿಯು ಎರಡು ಹೊತ್ತು ತೆರೆದಿರಲಿ, ಎಲ್ಲ ಪಾಳಿಯವರಿಗೂ ಒಂದು ಹೊತ್ತು ಸಿಗುವಂತೆ. ತಾಲೀಮಿನವರೆಲ್ಲ ವಾರಕ್ಕಿಷ್ಟೆಂದು ಕೂಡಿಸಿ ಒಂದು ಕಾಳಿನ ಗಡಿಗೆ ಇಡಲಿ. ರಾತ್ರಿ ನೆನೆಯಿಟ್ಟ ಹೆಸರು, ಮಡಕಿ, ಕಡಲೆ ಬಡವ-ಬಲ್ಲಿದರೆನ್ನದೆ ಎಲ್ಲರಿಗೂ ಒಂದೊಂದು ಬಟ್ಟಲು. ಕಿರಾಣಿ ವ್ಯಾಪಾರಿ ಮಿತ್ರರು ಈ ಗಡಿಗೆಗೆ ಶೇಂಗಾ-ಬೇಳೆಗಳನ್ನು ಖರೀದಿ ದರಕ್ಕೆ ಕೊಡಲಿ. ಜಾತ್ರೆಗೆ ಗದೆ ಕೊಡಿಸಿ ಹೆಸರು ಹಾಕಿಸುವದಕ್ಕಿಂತ ಇದು ದೊಡ್ಡ ದಾನ. ಪಟ್ಟಣ ಪಂಚಾಯತಿಯು ನೀರು, ದೀಪ, ಮಳೆಗೆ ಸೋರದ ಮಾಡು, ಒಂದು ತೂಕದ ಯಂತ್ರ, ಗಾಯದ ಔಷಧಿಯ ಪೆಟ್ಟಿಗೆ ಇಷ್ಟನ್ನು ಕೊಡಲಿ. ಇದು ಬೇಡಿಕೆಯಲ್ಲ, ತೆರಿಗೆ ಕೊಟ್ಟವರ ಹಕ್ಕು.

ಸರಕಾರಕ್ಕೂ ಒಂದು ಮಾತು. ೨೦೧೩ರಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. ೨೦೨೪ರಲ್ಲಿ ಮೊಟ್ಟೆ ಕೊಡುವದನ್ನು ವಾರದ ಆರು ದಿನಗಳಿಗೆ ಏರಿಸಿದರು. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಹತ್ತನೆಯ ಇಯತ್ತೆ ಮುಗಿದ ಕೂಡಲೆ ಆ ತಟ್ಟೆ ಹಿಂದಕ್ಕೆ ಹೋಗುತ್ತದೆ. ಹದಿನಾರರ ಹುಡುಗನಿಗೆ ಎಂದಿಗಿಂತ ಹೆಚ್ಚು ಹಸಿವು. ಅದೇ ವಯಸ್ಸಿಗೆ ಅವನು ಕೆಲಸಕ್ಕೆ ಸೇರುತ್ತಾನೆ. ಮುಪ್ಪಾದ ಮಾಜಿ ಪೈಲವಾನರಿಗೆ ಮಾಸಾಶನ ಕೊಡುವ ಪದ್ಧತಿ ರಾಜ್ಯದಲ್ಲಿದೆ. ಅದು ಇರಲಿ, ಹೆಚ್ಚಾಗಲಿ. ಅದರ ಸಂಗಡ ಹದಿನಾರರಿಂದ ಇಪ್ಪತ್ತೊಂದರವರೆಗೆ ಗರಡಿಗೆ ಬರುವವರಿಗೆ ದಿನಕ್ಕೆ ಅರ್ಧ ಲೀಟರು ಹಾಲು ಸಿಗುವಂತಾಗಲಿ. ಮರ ಒಣಗಿದ ಮೇಲೆ ಬೇಲಿ ಕಟ್ಟುವದಕ್ಕಿಂತ ಸಸಿಗೆ ನೀರು ಹಾಕುವದು ಅಗ್ಗ.

ತರುಣರೇ, ನಿಮಗೆ ನಾವು ಹೇಳುವದು ಮೂರೇ ಮಾತು. ರೊಟ್ಟಿಯ ಸಂಗಡ ಕಾಳು ಬಿಡಬೇಡಿರಿ. ನಿನ್ನೆಗಿಂತ ಇಂದು ತುಸು ಹೆಚ್ಚು ಮಾಡಿರಿ, ಒಂದೇ ದಿನ ಎಲ್ಲವನ್ನೂ ಮಾಡಬೇಡಿರಿ. ಹೆದರಿದಾಗ ಉಸಿರು ಎಣಿಸಿರಿ. ಅರಸರ ಅಡಿಗೆಮನೆ ಇನ್ನು ತೆರೆಯುವದಿಲ್ಲ, ತೆರೆಯುವದೂ ಬೇಡ. ನಮ್ಮ ಕಾಳಿನ ಗಡಿಗೆಯನ್ನು ನಾವೇ ಇಡೋಣ. ಮುಂದಿನ ಸೋಮವಾರ ಯಾರು ಎಷ್ಟು ಕಾಳು ತರುತ್ತೀರೆಂದು ಉಸ್ತಾದರ ಹತ್ತಿರ ಇಂದೇ ಹೆಸರು ಬರೆಯಿಸಿ ಮನೆಗೆ ಹೋಗಿರಿ.